ಆರಡಿ ಬೋರ್ಡು, ಏಳು ಚೀಟಿ: ಎರಡು ವರ್ಷ ಬಳಸಿದ ಮೇಲೆ ಬರೆದ ರಿವ್ಯೂ

ಇದು ಒಂದು ವೈಟ್‌ಬೋರ್ಡಿನ ರಿವ್ಯೂ. ಹೌದು, ಗೋಡೆಗೆ ನೇತುಹಾಕುವ ಬಿಳಿ ಬೋರ್ಡು. ಫೋನಿಗೆ, ಮಿಕ್ಸಿಗೆ, ಸ್ಕೂಟರಿಗೆಲ್ಲ ಪುಟಗಟ್ಟಲೆ ಬರೆಯುವವರಿದ್ದಾರೆ. ಬೋರ್ಡಿಗೆ ಯಾರೂ ಬರೆಯುವುದಿಲ್ಲ. ನಾನು ಬರೆಯುತ್ತಿದ್ದೇನೆ, ಯಾಕೆಂದರೆ ಈ ಎರಡು ವರ್ಷದಲ್ಲಿ ನಮ್ಮ ಆಫೀಸಿಗೆ ತಂದ ಸಾಮಾನುಗಳಲ್ಲಿ ಕೊಟ್ಟ ದುಡ್ಡಿಗೆ ಸರಿಯಾಗಿ ದುಡಿದದ್ದು ಇದೊಂದೇ. ಯುಪಿಎಸ್ ಕೂಡ ಅಷ್ಟು ದುಡಿದಿಲ್ಲ.

ನಾವು ಏಳು ಜನ. ಶಿವಮೊಗ್ಗದಲ್ಲಿ ಹಳೇ ಮನೆಯೊಂದರ ಮಹಡಿ ಮೇಲೆ ಕೂತು ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತೇವೆ. ರೈತರ ಚೀಲ ಮಂಡಿಗೆ ಬಂದಾಗಿನಿಂದ ತೂಕ, ರೇಟು, ಹಮಾಲಿ, ಮುಂಗಡ, ಕೊನೆಗೆ ರೈತರ ಕೈಗೆ ಕೊಡುವ ಲೆಕ್ಕದ ಪಟ್ಟಿ ಪ್ರಿಂಟ್ ಆಗುವ ತನಕ ಎಲ್ಲ ಅದರಲ್ಲೇ. ಕೋಡ್ ಬರೆಯುವವರು ನಾಲ್ವರು, ಟೆಸ್ಟಿಂಗಿಗೆ ಒಬ್ಬಳು, ಮಂಡಿಯಿಂದ ಮಂಡಿಗೆ ಬೈಕಿನಲ್ಲಿ ಓಡಾಡುವ ಸಪೋರ್ಟ್ ಹುಡುಗ ಒಬ್ಬ, ಇವರನ್ನೆಲ್ಲ ಹೊಂದಿಸಿಕೊಂಡು ಹೋಗುವ ನಾನು. ಬಾಸ್ ಸೇರಿದರೆ ಎಂಟು. ಅವರನ್ನು ಸೇರಿಸಬೇಕೋ ಬೇಡವೋ ಎನ್ನುವುದು ಆಫೀಸಿನ ಹಳೇ ಚರ್ಚೆ.

ಬೋರ್ಡು ತಂದದ್ದು ದುರ್ಗಿಗುಡಿಯ ಒಂದು ಸ್ಟೇಷನರಿ ಅಂಗಡಿಯಿಂದ. 6 ಅಡಿ ಅಗಲ, 4 ಅಡಿ ಎತ್ತರ, ಸುತ್ತ ಅಲ್ಯೂಮಿನಿಯಂ ಫ್ರೇಮು. ಇದರಲ್ಲಿ ಎರಡು ಜಾತಿ ಇದೆ, ಮ್ಯಾಗ್ನೆಟ್ ಹಿಡಿಯುವುದು, ಹಿಡಿಯದ್ದು. ಹಿಡಿಯದ್ದು 2,700ಕ್ಕೆ ಸಿಗುತ್ತಿತ್ತು. ಹಿಡಿಯುವುದಕ್ಕೆ 4,600 ಹೇಳಿದರು. ಚೌಕಾಸಿ ಮಾಡಿ ಒಂದು ಡಬ್ಬಿ ಮ್ಯಾಗ್ನೆಟ್ಟು, ನಾಲ್ಕು ಮಾರ್ಕರ್ ಪುಕ್ಕಟೆ ಹಾಕಿಸಿಕೊಂಡೆ. ಬಾಸ್ ಬಿಲ್ಲು ನೋಡಿ, "ಬರೆಯೋದಕ್ಕೆ ತಾನೇ, ಅಗ್ಗದ್ದು ಸಾಕಿತ್ತಲ್ವಾ?" ಅಂದರು. ಸಾಕಾಗುತ್ತಿರಲಿಲ್ಲ. ಯಾಕೆ ಅಂತ ಮಳೆಗಾಲದ ಕಥೆ ಬಂದಾಗ ಹೇಳುತ್ತೇನೆ.

"ಫಿಟ್ಟಿಂಗ್ ಫ್ರೀ ಮೇಡಂ, ನಾಳೆನೇ ಹುಡುಗನ್ನ ಕಳಿಸ್ತೀವಿ" ಅಂದಿದ್ದರು. ಹುಡುಗ ಬಂದದ್ದು ಒಂಬತ್ತು ದಿನಕ್ಕೆ. ಹಳೇ ಮನೆಯ ಗೋಡೆ, ಡ್ರಿಲ್ ಹಾಕಿದ ಕೂಡಲೇ ಗಾರೆ ಹಿಟ್ಟಿನ ಹಾಗೆ ಉದುರಿತು. ರಾಲ್ ಪ್ಲಗ್ ನಿಲ್ಲಲಿಲ್ಲ. ಮತ್ತೆರಡು ತೂತು ಹಾಕಿ, ಹೇಗೋ ನಿಲ್ಲಿಸಿ ಹೋದ. ಎಡಗಡೆ ಅರ್ಧ ಇಂಚು ಇಳಿದಿದೆ. ಎರಡು ವರ್ಷದಿಂದ ಹಾಗೇ ಇದೆ. ಈಗ ಬೇರೆಯವರ ಆಫೀಸಿನ ನೇರವಾದ ಬೋರ್ಡು ನೋಡಿದರೆ ಅದೇ ಸೊಟ್ಟ ಅನಿಸುತ್ತದೆ.

ಇನ್ನು ಬೋರ್ಡು ಯಾತಕ್ಕೆ ಬೇಕಾಯಿತು ಅಂತ ಹೇಳಬೇಕು. ಅದಕ್ಕೆ ಮೊದಲು ನಮ್ಮಲ್ಲಿ ಆನ್‌ಲೈನ್ ಬೋರ್ಡು ಇತ್ತು. ಯಾವುದು ಅಂತ ಹೇಳುವುದಿಲ್ಲ, ತಪ್ಪು ಅದರದ್ದಲ್ಲ. ಅದರಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದರಂತೆ 146 ಚೀಟಿಗಳಿದ್ದವು. "ನಡೆಯುತ್ತಿದೆ" ಅನ್ನುವ ಕಾಲಮ್ಮಿನಲ್ಲೇ 23. ಕೆಳಗೆ ಎಳೆದಷ್ಟೂ ಬರುತ್ತಿತ್ತು. ಕೆಳಗಿನವು ಕಣ್ಣಿಗೇ ಬೀಳುತ್ತಿರಲಿಲ್ಲ, ಹಾಗಾಗಿ ಯಾರಿಗೂ ನಾಚಿಕೆಯೂ ಇರಲಿಲ್ಲ. ಯಾವ ಮಂಡಿಯವರು ಫೋನ್ ಮಾಡಿ ಕೇಳಿದರೂ "ನಡೀತಾ ಇದೆ ಸಾರ್" ಅನ್ನುತ್ತಿದ್ದೆವು. ಸುಳ್ಳಲ್ಲ. 23 ಕೆಲಸ ನಡೆಯುತ್ತಲೇ ಇದ್ದವು. ಮುಗಿಯುತ್ತಿರಲಿಲ್ಲ ಅಷ್ಟೇ.

ಆಗಲೇ ಬಾಸ್ ಬೆಂಗಳೂರಿನಲ್ಲಿ ಎರಡು ದಿನದ ಒಂದು ಟ್ರೇನಿಂಗಿಗೆ ಹೋಗಿ ಬಂದರು. ವಿಷಯ, ಸಾಫ್ಟ್‌ವೇರಿನಲ್ಲಿ ಲೀನ್, ಅಂದರೆ ದಂಡದ ಕೆಲಸ ಕಮ್ಮಿ ಮಾಡುವ ಪದ್ಧತಿ. ಬರುವಾಗ ಒಂದು ಫೈಲು, ಒಂದು ಪೆನ್ನು, "ಕಾನ್‌ಬಾನ್" ಅನ್ನುವ ಶಬ್ದ ತಂದರು. ಫೈಲು ನನ್ನ ಟೇಬಲ್ ಮೇಲೆ ಬಿತ್ತು. ಓದಿದೆ. ಅರ್ಧ ಹೊಸದು, ಅರ್ಧ ಗೊತ್ತಿದ್ದದ್ದೇ.

ಕಾನ್‌ಬಾನ್ ಅಂದರೆ ಜಪಾನೀ ಭಾಷೆಯಲ್ಲಿ ಬರೀ ಫಲಕ. ಎರಡನೇ ಮಹಾಯುದ್ಧ ಮುಗಿದ ಮೇಲೆ ಟೊಯೋಟಾ ಕಾರು ಕಾರ್ಖಾನೆಯಲ್ಲಿ ತೈಚಿ ಓನೋ ಅನ್ನುವವರು ಇದನ್ನು ಬೆಳೆಸಿದರು. ಅವರಿಗೆ ಹಿಡಿಸಿದ್ದು ಅಮೆರಿಕದ ಸೂಪರ್ ಮಾರ್ಕೆಟ್ಟಿನ ಕ್ರಮ. ಗಿರಾಕಿ ಒಂದು ಡಬ್ಬಿ ತೆಗೆದುಕೊಂಡರೆ ಮಾತ್ರ ಆ ಜಾಗಕ್ಕೆ ಇನ್ನೊಂದು ಡಬ್ಬಿ ಬರುತ್ತದೆ. ಕಾರ್ಖಾನೆಯಲ್ಲೂ ಹಾಗೇ ಮಾಡಿದರು. ಮುಂದಿನ ಹಂತದವರು ಬಿಡಿಭಾಗ ಬಳಸಿ ಚೀಟಿ ಹಿಂದಕ್ಕೆ ಕಳಿಸಿದರೆ ಮಾತ್ರ ಹಿಂದಿನವರು ಮತ್ತೊಂದು ಮಾಡಬೇಕು. ಚೀಟಿ ಇಲ್ಲ, ಕೆಲಸ ಇಲ್ಲ. ಹೋಟೆಲಿನಲ್ಲಿ ಟೋಕನ್ ಬಂದ ಮೇಲೆ ತಾನೇ ಕಾವಲಿಗೆ ಹಿಟ್ಟು ಬೀಳುವುದು? ಮೊದಲೇ ನೂರು ದೋಸೆ ಹುಯ್ದು ಇಟ್ಟುಕೊಂಡು ಗಿರಾಕಿಗೆ ಕಾಯುವವನಿಗೆ ನಾವು ಏನನ್ನುತ್ತೇವೆ? ಟೊಯೋಟಾದ ಈ ಪದ್ಧತಿಗೆ "ಲೀನ್" ಅನ್ನುವ ಹೆಸರು ಆಮೇಲೆ ಬಂದದ್ದು, 1988ರಲ್ಲಿ, ಜಾನ್ ಕ್ರಾಫ್ಸಿಕ್ ಅನ್ನುವವರು ಬರೆದ ಲೇಖನದಿಂದ. ಮೇರಿ ಮತ್ತು ಟಾಮ್ ಪಾಪೆಂಡೀಕ್ ದಂಪತಿ 2003ರಲ್ಲಿ ಅದನ್ನು ಸಾಫ್ಟ್‌ವೇರಿಗೆ ಹೊಂದಿಸಿ ಬರೆದರು. ಓನೋ ಕಾರ್ಖಾನೆಯ ದಂಡದ ಕೆಲಸವನ್ನು ಏಳು ಬಗೆ ಅಂತ ಗುರುತಿಸಿದ್ದರಲ್ಲ, ಅದಕ್ಕೆ ಸರಿಯಾಗಿ ಸಾಫ್ಟ್‌ವೇರಿನ ಏಳು. ಅದರಲ್ಲಿ ಮೊದಲನೆಯದೇ ಅರ್ಧ ಮಾಡಿಟ್ಟ ಕೆಲಸ. ಕಾರ್ಖಾನೆಯಲ್ಲಿ ಗೋಡೌನಿನಲ್ಲಿ ಕೊಳೆಯುವ ದಾಸ್ತಾನು ಹೇಗೋ, ನಮ್ಮಲ್ಲಿ ಅರ್ಧ ಬರೆದ ಕೋಡ್ ಹಾಗೆ.

ಸರಿ, ಬೋರ್ಡು ಬಂತು. ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಕಾಲಮ್ ಮಾಡಿದೆವು. ಮಾರ್ಕರಿನಲ್ಲಿ ಗೆರೆ ಎಳೆಯಬೇಡಿ, ದಿನಾ ಒರೆಸುವಾಗ ಅಳಿಸಿಹೋಗುತ್ತದೆ. ಟೇಪೇ ಸರಿ. "ಮುಂದೆ", "ಕೋಡಿಂಗ್", "ಟೆಸ್ಟಿಂಗ್", "ಮಂಡಿಗೆ ಹೋಯ್ತು". ಹಳದಿ ಸ್ಟಿಕಿ ನೋಟುಗಳು ಸಾಲಾಗಿ ನಿಂತವು. ನೋಡಲು ಚೆಂದ. ಬಾಸ್ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಮೊದಲ ನಾಲ್ಕು ತಿಂಗಳು ಅದರಿಂದ ಮೂರು ಕಾಸಿನ ಉಪಯೋಗ ಆಗಲಿಲ್ಲ. ಇದನ್ನು ಸ್ವಲ್ಪ ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಬೋರ್ಡು ತಂದ ಬಹಳ ಜನ ಇಲ್ಲಿಗೇ ನಿಲ್ಲುತ್ತಾರೆ. ಆನ್‌ಲೈನಿನಲ್ಲಿದ್ದ 23 ಚೀಟಿ ಗೋಡೆ ಮೇಲೆ 23 ಆಗಿ ಬಂದವು, ಅಷ್ಟೇ ವ್ಯತ್ಯಾಸ. ಜಾಗ ಸಾಲದೆ ಒಂದರ ಮೇಲೊಂದು ಅಂಟಿಸತೊಡಗಿದೆವು. ಸೀನಿಯರ್ ಹುಡುಗನ ಹೆಸರಿನಲ್ಲೇ ಏಳಿದ್ದವು. ಅವನಿಗೆ ಅದು ಹೆಮ್ಮೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಹೋಗಿದ್ದೆ. ಕೊಯ್ಲು ಶುರುವಾಗಿತ್ತು. ಚಪ್ಪರದಡಿ ಎಂಟು ಜನ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಅಡಿಕೆ ಬೇಯಿಸುವ ಹಂಡೆಯಲ್ಲಿ ಚೊಗರು ಕುದಿಯುವ ವಾಸನೆ ಮನೆಯಿಡೀ. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರ ಮಾತ್ರ ಬೆಳಿಗ್ಗೆ ಹನ್ನೊಂದಕ್ಕೇ ಮರ ಇಳಿದು, ಜಗಲಿಕಟ್ಟೆಯ ಮೇಲೆ ಕವಳ ಹಾಕಿಕೊಂಡು ಕೂತಿದ್ದ. ಅರ್ಧ ತೋಟ ಬಾಕಿ ಇತ್ತು.

"ಅಪ್ಪಯ್ಯ, ಅವನಿಗೆ ದಿನದ ಕೂಲಿ ಕೊಡ್ತೀಯ. ಸುಮ್ನೆ ಕೂರಿಸಿದ್ದೀಯಲ್ಲ?" ಅಂದೆ.

"ಕೊಯ್ಸಿ ಎಲ್ಲಿಡ್ಲಿ?" ಅಂದ ಅಪ್ಪಯ್ಯ. "ಸುಲಿಯೋರು ಎಂಟೇ ಜನ. ಹಂಡೆ ಒಂದೇ. ಜಾಸ್ತಿ ಕೊಯ್ಸಿ ರಾಶಿ ಹಾಕಿದ್ರೆ ಇವ್ರ ಕೈಗೆ ಬರೋ ಹೊತ್ತಿಗೆ ಕೆಟ್ಟಿರ್ತದೆ. ಮರದಲ್ಲೇ ಇದ್ರೆ ನಾಲ್ಕು ದಿನ ಅದಕ್ಕೇನೂ ಆಗಲ್ಲ ಕಣೇ. ಅವನು ಕೂತ್ರೆ ನಂಗೆ ಅರ್ಧ ದಿನದ ಕೂಲಿ ಲುಕ್ಸಾನು. ಅವನು ಹತ್ತಿದ್ರೆ ಅಡಿಕೆನೇ ಲುಕ್ಸಾನು."

ಸ್ವಲ್ಪ ಹೊತ್ತಿಗೆ ಕೊನೆಗಾರ ತಾನೇ ಎದ್ದು ಬಂದು ಸುಲಿಯುವವರ ಸಾಲಿನಲ್ಲಿ ಕೂತ. ಯಾರೂ ಹೇಳಲಿಲ್ಲ.

ನಾನು ಚಿಕ್ಕಂದಿನಿಂದ ನೋಡಿದ ಅಂಗಳ ಅದು. ಬಾಸ್ ತಂದ ಫೈಲಿನಲ್ಲಿ "ವರ್ಕ್ ಇನ್ ಪ್ರೋಗ್ರೆಸ್ ಲಿಮಿಟ್", ಅಂದರೆ ಕೈಯಲ್ಲಿರುವ ಕೆಲಸಕ್ಕೆ ಮಿತಿ, ಅಂತ ಮೂರು ಪುಟ ಇತ್ತು. ಓದಿದ್ದೆ, ತಲೆಗೆ ಹೋಗಿರಲಿಲ್ಲ. ಅಪ್ಪಯ್ಯ ಅರ್ಧ ನಿಮಿಷದಲ್ಲಿ ಹೇಳಿದ. ನಮ್ಮ ಆಫೀಸಿನಲ್ಲಿ ಕೊನೆಗಾರರು ನಾಲ್ವರು, ಸುಲಿಯುವವಳು ಒಬ್ಬಳು. ನಾಲ್ವರೂ ಬೆಳಿಗ್ಗೆಯಿಂದ ಸಂಜೆ ತನಕ ಮರದ ಮೇಲೇ ಇರುತ್ತಿದ್ದರು. ಕೆಳಗೆ ಆ ಹುಡುಗಿ 11 ಚೀಟಿಯ ರಾಶಿ ಮುಂದೆ ಒಬ್ಬಳೇ.

ಸೋಮವಾರ ಬಂದವಳೇ ಕೆಂಪು ಮಾರ್ಕರ್ ತೆಗೆದುಕೊಂಡು ಕಾಲಮ್ಮಿನ ತಲೆಯ ಮೇಲೆ ನಂಬರ್ ಬರೆದೆ. ಕೋಡಿಂಗ್ 4. ಟೆಸ್ಟಿಂಗ್ 3. ಒಟ್ಟು ಏಳು ಚೀಟಿಗಿಂತ ಜಾಸ್ತಿ ಬೋರ್ಡಿನ ನಡುವೆ ಇರುವ ಹಾಗಿಲ್ಲ. ಟೆಸ್ಟಿಂಗಿನಲ್ಲಿ ಜಾಗ ಇಲ್ಲದಿದ್ದರೆ ಕೋಡ್ ಮುಗಿಸಿದವನು ಹೊಸದು ಎತ್ತಿಕೊಳ್ಳುವ ಹಾಗಿಲ್ಲ. ಹೋಗಿ ಟೆಸ್ಟಿಂಗ್ ಮಾಡಬೇಕು.

ಗಲಾಟೆ ಆಯಿತು. ಸೀನಿಯರ್ ಹುಡುಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಬುಧವಾರ ಬಾಸ್ ಬಂದು ನೋಡಿದರೆ ಇಬ್ಬರು ಕೋಡರ್‌ಗಳು ಟೆಸ್ಟಿಂಗ್ ಹುಡುಗಿಯ ಅಕ್ಕಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. "ಇವ್ರಿಗೆ ಕೋಡ್ ಬರೆಯೋಕೆ ಸಂಬಳ ಕೊಡ್ತಿರೋದು" ಅಂದರು. "ಮುಗಿಸೋಕೆ ಸಾರ್" ಅಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳಬೇಕು. ಜಾನ್ ಲಿಟ್ಲ್ ಅನ್ನುವವರು 1961ರಲ್ಲಿ ಒಂದು ಸೂತ್ರ ಸಾಧಿಸಿ ತೋರಿಸಿದರು. ಸರದಿಯಲ್ಲಿ ಎಷ್ಟು ಇದೆ ಅನ್ನುವುದನ್ನು ವಾರಕ್ಕೆ ಎಷ್ಟು ಮುಗಿಯುತ್ತದೆ ಅನ್ನುವುದರಿಂದ ಭಾಗಿಸಿದರೆ, ಒಂದೊಂದಕ್ಕೂ ಸರಾಸರಿ ಎಷ್ಟು ವಾರ ಹಿಡಿಯುತ್ತದೆ ಅನ್ನುವುದು ಸಿಗುತ್ತದೆ. ನಮ್ಮಲ್ಲಿ 23 ಇದ್ದವು, ವಾರಕ್ಕೆ ಮುಗಿಯುತ್ತಿದ್ದದ್ದು ನಾಲ್ಕು. ಹತ್ತಿರ ಹತ್ತಿರ ಆರು ವಾರ. ಮಂಡಿಯವರು ಬೈಯುತ್ತಿದ್ದದ್ದೂ ಅದನ್ನೇ, "ಏನು ಹೇಳಿದ್ರೂ ಒಂದೂವರೆ ತಿಂಗಳು." ಈಗ ಏಳು ಚೀಟಿ, ವಾರಕ್ಕೆ ಐದು ಮುಗಿಯುತ್ತದೆ. ಒಂದೂವರೆ ವಾರವೂ ಬೇಡ. ಜನ ಅಷ್ಟೇ, ಸಂಬಳ ಅಷ್ಟೇ, ಯಾರೂ ರಾತ್ರಿ ಕೂರಲಿಲ್ಲ. ಚೀಟಿ ಕಮ್ಮಿ ಆಯಿತು, ಅಷ್ಟೇ.

ಇದು ನಮ್ಮದೊಂದೇ ಅನುಭವ ಅಲ್ಲ. ಸಾಫ್ಟ್‌ವೇರಿನಲ್ಲಿ ಕಾನ್‌ಬಾನ್ ಹುಟ್ಟಿದ ಕಥೆಯಲ್ಲಿ ಹೈದರಾಬಾದಿನ ತಂಡವೇ ಇದೆ. 2004-05ರ ಹೊತ್ತಿಗೆ ಮೈಕ್ರೋಸಾಫ್ಟಿನ ಒಂದು ನಿರ್ವಹಣಾ ತಂಡಕ್ಕೆ ಡೇವಿಡ್ ಆಂಡರ್ಸನ್ ಸಲಹೆಗಾರರಾಗಿದ್ದರು. ಕೆಲಸ ಮಾಡುವವರು ಇದ್ದದ್ದು ಹೈದರಾಬಾದಿನಲ್ಲಿ. ಒಂದು ಬದಲಾವಣೆ ಕೇಳಿದರೆ ಐದು ತಿಂಗಳು ಹಿಡಿಯುತ್ತಿತ್ತು. ನೋಡಿದರೆ, ಬಂದ ಪ್ರತಿಯೊಂದು ಕೋರಿಕೆಗೂ "ಎಷ್ಟು ದಿನ ಬೇಕು" ಅಂತ ಅಂದಾಜು ಹಾಕಿ ಕೊಡುವುದಕ್ಕೇ ಅವರ ಹೊತ್ತಿನಲ್ಲಿ ಸುಮಾರು ಮೂರನೇ ಒಂದು ಪಾಲು ಹೋಗುತ್ತಿತ್ತು. ಅಂದಾಜು ಹಾಕುವುದನ್ನು ನಿಲ್ಲಿಸಿದರು, ಕೈಯಲ್ಲಿರುವ ಕೆಲಸಕ್ಕೆ ಮಿತಿ ಹಾಕಿದರು. ಕಾಯುವ ಅವಧಿ ಎರಡು ವಾರದ ಆಸುಪಾಸಿಗೆ ಇಳಿಯಿತು. ಇದನ್ನು ಓದಿದ ದಿನ ನಾನೂ ನಮ್ಮ ಶುಕ್ರವಾರದ ಅಂದಾಜು ಮೀಟಿಂಗು ನಿಲ್ಲಿಸಿದೆ. ಯಾರೂ ಅದನ್ನು ನೆನಪಿಸಿಕೊಂಡು ಕಣ್ಣೀರು ಹಾಕಿಲ್ಲ.

ಈಗ ವಸ್ತುವಿನ ವಿಚಾರಕ್ಕೆ ಬರೋಣ. ರಿವ್ಯೂ ಅಂದ ಮೇಲೆ ಅದೂ ಬೇಕಲ್ಲ.

ಮೇಲ್ಮೈ ಚೆನ್ನಾಗಿದೆ. ಎರಡು ವರ್ಷಕ್ಕೆ ಅಲ್ಲಲ್ಲಿ ಹಳೇ ಬರಹದ ನೆರಳು ಉಳಿದಿದೆ, ಬೆಳಕಿಗೆ ಓರೆಯಾಗಿ ನೋಡಿದರೆ ಕಾಣುತ್ತದೆ. ಒಮ್ಮೆ ಸಪೋರ್ಟ್ ಹುಡುಗ ಚೀಲದ ಮೇಲೆ ಬರೆಯುವ ಪರ್ಮನೆಂಟ್ ಮಾರ್ಕರಿನಲ್ಲಿ ದೊಡ್ಡದಾಗಿ ಒಂದು ಫೋನ್ ನಂಬರ್ ಗೀಚಿಬಿಟ್ಟ. ಹೆದರಬೇಡಿ. ಅದರ ಮೇಲೆಯೇ ವೈಟ್‌ಬೋರ್ಡ್ ಮಾರ್ಕರಿನಿಂದ ದಪ್ಪಗೆ ತಿದ್ದಿ, ಕೂಡಲೇ ಬಟ್ಟೆಯಿಂದ ಒರೆಸಿದರೆ ಎರಡೂ ಒಟ್ಟಿಗೆ ಹೋಗುತ್ತದೆ. ಹೋಗದೇ ಉಳಿದದ್ದು ಆಯುಧಪೂಜೆಯ ಕುಂಕುಮ. ಕಂಪ್ಯೂಟರಿಗೆ, ಪ್ರಿಂಟರಿಗೆ ಹಚ್ಚಿದ ಮೇಲೆ ಬೋರ್ಡಿಗೂ ಮೂರು ಬೊಟ್ಟು ಇಟ್ಟಿದ್ದಾರೆ, ಸರಿಯಾಗಿ "ಟೆಸ್ಟಿಂಗ್" ತಲೆಯ ಮೇಲೆ, ಎಣ್ಣೆ ಕೈಯಲ್ಲಿ. ಗುಲಾಬಿ ಕಲೆ ಇವತ್ತಿಗೂ ಇದೆ. ಇರಲಿ, ಆಶೀರ್ವಾದ ಬೇಕಾದ ಜಾಗವೇ ಅದು.

ಸ್ಟಿಕಿ ನೋಟಿನ ಬಗ್ಗೆ ಮಾತ್ರ ನನಗೆ ಒಳ್ಳೇ ಮಾತಿಲ್ಲ. ಬೇಸಿಗೆಯಲ್ಲಿ ಫ್ಯಾನ್ ಗಾಳಿಗೆ ಹಾರುತ್ತದೆ. ಮಳೆಗಾಲದಲ್ಲಿ ಅದೂ ಬೇಡ, ಮಲೆನಾಡಿನ ಥಂಡಿಗೆ ಅಂಟು ತಾನಾಗಿ ಬಿಡುತ್ತದೆ. ಜುಲೈಯಲ್ಲಿ ಒಂದು ಸೋಮವಾರ ಬಂದರೆ ಬೋರ್ಡಿನಡಿ ನೆಲದ ಮೇಲೆ ಹಳದಿ ಎಲೆ ಉದುರಿದ ಹಾಗೆ. ಕಸ ಗುಡಿಸುವ ಅಮ್ಮ ಅಷ್ಟನ್ನೂ ಎತ್ತಿ ಟೇಬಲ್ ಮೇಲೆ ಇಟ್ಟಿದ್ದರು, ಪಾಪ. ಎರಡು ಮಾತ್ರ ಕಪಾಟಿನ ಕೆಳಗೆ ಹೋಗಿದ್ದವು. ಅವು ಸಿಕ್ಕಿದ್ದು ಮೂರು ವಾರಕ್ಕೆ, ಅದರಲ್ಲಿ ಒಂದು ಮಂಡಿಯವರು ದಿನಾ ಫೋನ್ ಮಾಡಿ ಕೇಳುತ್ತಿದ್ದ ಕೆಲಸ. ಆವತ್ತಿನಿಂದ ಹಳೇ ಮದುವೆ ಕರೆಯೋಲೆ ಕತ್ತರಿಸಿ, ಹಿಂಬದಿಯಲ್ಲಿ ಬರೆದು, ಮ್ಯಾಗ್ನೆಟ್ ಇಟ್ಟು ನಿಲ್ಲಿಸುತ್ತೇವೆ. ದಪ್ಪ ಕಾಗದ, ಥಂಡಿಗೆ ಜಗ್ಗುವುದಿಲ್ಲ. 1,900 ರೂಪಾಯಿ ಜಾಸ್ತಿ ಕೊಟ್ಟದ್ದು ಯಾಕೆ ಅಂತ ಬಾಸಿಗೆ ಆಗ ಗೊತ್ತಾಯಿತು. ಚೀಟಿ ತಿರುಗಿಸಿದರೆ "ಸುಮುಹೂರ್ತ" ಅಂತ ಚಿನ್ನದ ಅಕ್ಷರ ಕಾಣುತ್ತದೆ.

ಮ್ಯಾಗ್ನೆಟ್ಟಿನಿಂದ ಆದ ಇನ್ನೊಂದು ಲಾಭ ಕೆಂಪು ಬಣ್ಣದ್ದು. ಪುಕ್ಕಟೆ ಬಂದ ಡಬ್ಬಿಯಲ್ಲಿ ನಾಲ್ಕು ಕೆಂಪು ಇದ್ದವು. ಕೆಂಪು ಬಿದ್ದರೆ ಕೆಲಸ ನಿಲ್ಲಬೇಕು, ಎಲ್ಲರೂ ಬಂದು ನೋಡಬೇಕು ಅಂತ ಮಾಡಿಕೊಂಡೆವು. ಇದೂ ನಮ್ಮ ಬುದ್ಧಿಯಲ್ಲ. ಟೊಯೋಟಾ ಕಂಪನಿ ಕಟ್ಟಿದ ಮನೆತನದ ಸಕಿಚಿ ಟೊಯೋಡಾ 1924ರಲ್ಲಿ ಪೂರ್ತಿಗೊಳಿಸಿದ ಮಗ್ಗ, ನೂಲು ಕಡಿದರೆ ತಾನೇ ನಿಂತುಬಿಡುತ್ತಿತ್ತು. ಕೆಟ್ಟ ಬಟ್ಟೆ ಗಜಗಟ್ಟಲೆ ನೇಯುವುದಕ್ಕಿಂತ ಮಗ್ಗ ನಿಲ್ಲುವುದು ವಾಸಿ. ಮುಂದೆ ಅವರ ಕಾರು ಕಾರ್ಖಾನೆಯಲ್ಲಿ ಕೆಲಸಗಾರ ಹಗ್ಗ ಎಳೆದರೆ ಇಡೀ ಸಾಲು ನಿಲ್ಲಿಸಬಹುದು ಅನ್ನುವಲ್ಲಿಗೆ ಬಂತು. ಅದೇ ಕಂಪನಿಯ ಕಾರುಗಳು ನಮ್ಮ ಬಿಡದಿಯಲ್ಲಿ 1999ರಿಂದ ತಯಾರಾಗುತ್ತಿವೆ. ಆದರೂ ನನಗೆ ಈ ಹಗ್ಗದ ವಿಷಯ ಗೊತ್ತಾಗಲು ಬೋರ್ಡು ತರಬೇಕಾಯಿತು.

ಕೆಂಪು ಮೊದಲ ಸಲ ಬಿದ್ದದ್ದು ಡಿಸೆಂಬರಿನಲ್ಲಿ, ಸೀಸನ್ ಜೋರಾಗಿದ್ದಾಗ. ಇಟ್ಟವಳು ಟೆಸ್ಟಿಂಗ್ ಹುಡುಗಿ. ಆಫೀಸಿಗೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಕೈ ನಡುಗುತ್ತಿತ್ತು. ಪಟ್ಟಿಯ ಮೊತ್ತ ಸ್ಕ್ರೀನಿನಲ್ಲಿ ಒಂದು, ಪ್ರಿಂಟಿನಲ್ಲಿ ಒಂದು ರೂಪಾಯಿ ಕಮ್ಮಿ. "ಒಂದು ರೂಪಾಯಿಗೆ ಎಲ್ಲ ನಿಲ್ಸಬೇಕಾ?" ಅಂತ ಸೀನಿಯರ್ ಹುಡುಗ ಸಿಡುಕಿದ. ಸಪೋರ್ಟ್ ಹುಡುಗನಿಗೆ ಫೋನ್ ಹಾಕಿದೆವು. ಅವನು ಮಂಡಿಯಲ್ಲೇ ಇದ್ದ. "ಅಯ್ಯೋ ಮೇಡಂ, ಅದನ್ನ ಇಲ್ಲಿ ಗುಮಾಸ್ತರು ಪೆನ್ನಲ್ಲಿ ತಿದ್ದಿ ಕೊಡ್ತಾರೆ, ದಿನಾ" ಅಂದ. ದಿನಾ! ಅವರಿಗೆ ಅದು ಅಭ್ಯಾಸವೇ ಆಗಿತ್ತು. ರೈತರು ಮಾತ್ರ ತಿದ್ದಿದ ಪಟ್ಟಿ ನೋಡಿ ಏನು ಅಂದುಕೊಂಡರೋ.

ಯಾಕೆ ಅಂತ ಐದು ಸಲ ಕೇಳಬೇಕಂತೆ ಟೊಯೋಟಾದಲ್ಲಿ. ನಮಗೆ ನಾಲ್ಕಕ್ಕೇ ಸಿಕ್ಕಿತು. ಒಂದು ರೂಪಾಯಿ ಯಾಕೆ ವ್ಯತ್ಯಾಸ? ಹಮಾಲಿಯನ್ನು ಪ್ರಿಂಟಿನಲ್ಲಿ ಚೀಲಕ್ಕೆ ಚೀಲ ರೌಂಡ್ ಮಾಡುತ್ತಿತ್ತು, ಸ್ಕ್ರೀನಿನಲ್ಲಿ ಒಟ್ಟು ಮೊತ್ತಕ್ಕೆ. ಯಾಕೆ ಹಾಗೆ? ಒಂದೇ ಲೆಕ್ಕವನ್ನು ಎರಡು ಕಡೆ ಬರೆದಿದ್ದರು. ಯಾಕೆ ಎರಡು ಕಡೆ? ಇಬ್ಬರು ಒಂದೇ ಹೊತ್ತಿನಲ್ಲಿ ಬರೆದರು, ಒಬ್ಬನದು ಇನ್ನೊಬ್ಬನಿಗೆ ಕಾಣಲಿಲ್ಲ. ಯಾಕೆ ಕಾಣಲಿಲ್ಲ? ಮೊದಲನೆಯವನ ಕೋಡ್ ಐದು ವಾರ ಅರ್ಧಕ್ಕೆ ನಿಂತು ಅವನ ಕಂಪ್ಯೂಟರಿನಲ್ಲೇ ಕೂತಿತ್ತು. ಹಳೇ 23 ಚೀಟಿಯ ಕಾಲದ ಪಾಪ. ಎಲ್ಲರೂ ಸೀನಿಯರ್ ಹುಡುಗನ ಕಡೆ ನೋಡಿದೆವು. ಅವನು ಬೋರ್ಡಿನ ಕಡೆ ನೋಡಿದ. ಸಂಜೆಯೊಳಗೆ ಸರಿ ಮಾಡಿದ, ಒಂದೇ ಕಡೆ ಲೆಕ್ಕ. ಆಮೇಲೆ ಚೀಟಿ ಮಿತಿಯ ಬಗ್ಗೆ ಅವನು ಗೊಣಗಿದ್ದು ನಾನು ಕೇಳಿಲ್ಲ.

ಎಲ್ಲರಿಗೂ ಇದು ಒಪ್ಪಿಗೆಯಾಗುತ್ತದೆ ಅಂತಲ್ಲ. ನಮ್ಮ ಹಳೇ ಗಿರಾಕಿ, ಮಂಡಿ ಸಾಹುಕಾರರೊಬ್ಬರು ಒಮ್ಮೆ ಆಫೀಸಿಗೆ ಬಂದು ಬೋರ್ಡು ನೋಡಿ ನಕ್ಕರು. "ಏನ್ ಮೇಡಂ, ಏಳೇ ಕೆಲ್ಸನಾ? ನಮ್ಮಲ್ಲಿ ಗೋಡೌನ್ ತುಂಬ ಸರಕು ಇರುತ್ತೆ. ಇಟ್ಕೊಂಡ್ರೆ ನಾಳೆ ರೇಟು ಏರಬಹುದು." ಮಾತು ಸರಿಯೇ. ರಾಶಿ ಅಡಿಕೆ, ಬೆಟ್ಟೆ ಅಡಿಕೆ ಒಣಗಿಸಿ ಇಟ್ಟರೆ ರೇಟು ಬರಬಹುದು, ಬಾರದೆಯೂ ಇರಬಹುದು. ಅರ್ಧ ಬರೆದ ಕೋಡಿಗೆ ಮಾತ್ರ ರೇಟು ಏರಿದ್ದನ್ನು ನಾನು ಕಂಡಿಲ್ಲ. ಅದು ಸುಲಿದು ಬೇಯಿಸದೆ ಬಿಟ್ಟ ಹಸಿ ಅಡಿಕೆ. ಹಾಗೆ ಹೇಳಿದೆ. ಅವರು ತಲೆಯಾಡಿಸಿ, "ಹಂಗಾದ್ರೆ ನನ್ನ ಪಟ್ಟಿ ಒಂದೇ ಪೇಜಿಗೆ ಬರೋ ಹಂಗೆ ಮಾಡ್ಕೊಡಿ, ಎರಡು ವರ್ಷದಿಂದ ಕೇಳ್ತಿದ್ದೀನಿ" ಅಂದರು.

ಅದು ನಿಜವಾಗಿ ಚುಚ್ಚಿತು. ಯಾಕೆಂದರೆ ಆ ಎರಡು ವರ್ಷದಲ್ಲಿ ನಾವು ಅವರಿಗೆ ರೇಟಿನ ಏರಿಳಿತದ ಗ್ರಾಫ್ ಮಾಡಿ ಕೊಟ್ಟಿದ್ದೆವು. ಮೂರು ವಾರದ ಕೆಲಸ, ಬಣ್ಣ ಬಣ್ಣದ ಗೆರೆ, ಬಾಸಿಗೆ ಬಹಳ ಇಷ್ಟ. ಸಾಹುಕಾರರು ಅದನ್ನು ತೆರೆದು ನೋಡಿದ್ದು ಒಂದೇ ಸಲ, ನಾವು ತೋರಿಸಿದ ದಿನ. ರೇಟು ಅವರಿಗೆ ಬಾಯಲ್ಲೇ ಇರುತ್ತದೆ, ಗ್ರಾಫ್ ಯಾಕೆ? ಯಾರೂ ಕೇಳದ್ದನ್ನು ಮಾಡಿಡುವುದನ್ನು ಓನೋ ಎಲ್ಲ ದಂಡಗಳಿಗಿಂತ ಕೆಟ್ಟದ್ದು ಅನ್ನುತ್ತಿದ್ದರು. ಪಟ್ಟಿಯನ್ನು ಒಂದು ಪೇಜಿಗೆ ತರಲು ಹಿಡಿದದ್ದು ಒಂದೂವರೆ ದಿನ.

ಕೊರತೆಗಳೂ ಇವೆ. ನಮ್ಮ ಕೋಡರ್ ಒಬ್ಬ ವಾರದಲ್ಲಿ ಮೂರು ದಿನ ಹೊಸನಗರದ ಮನೆಯಿಂದ ಕೆಲಸ ಮಾಡುತ್ತಾನೆ. ಅವನಿಗೆ ಬೋರ್ಡು ಕಾಣುವುದಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕುತ್ತೇವೆ. ಅವನ ಚೀಟಿ ನಾವು ಸರಿಸಬೇಕು. ಸರಿಸಲು ಮರೆಯುತ್ತೇವೆ. ಅರ್ಧಕ್ಕಿಂತ ಜಾಸ್ತಿ ಜನ ಹೊರಗಿದ್ದರೆ ಈ ಬೋರ್ಡು ತರಬೇಡಿ, ಆನ್‌ಲೈನಿನದ್ದೇ ಇಟ್ಟುಕೊಂಡು ಅದರಲ್ಲಿ ಮಿತಿ ಹಾಕಿ. ಎರಡನೆಯದು, ಇದಕ್ಕೆ ನೆನಪಿಲ್ಲ. ಹೋದ ಮಾರ್ಚಿನಲ್ಲಿ ಏನು ಮುಗಿಸಿದಿರಿ ಅಂದರೆ ಬೋರ್ಡು ಹೇಳುವುದಿಲ್ಲ. ಮುಗಿದ ಚೀಟಿಗಳನ್ನು ನಾನು ಬಿಸ್ಕತ್ ಡಬ್ಬಿಯಲ್ಲಿ ತುಂಬಿಡುತ್ತೇನೆ, ಶುರುವಾದ ತಾರೀಖು, ಮುಗಿದ ತಾರೀಖು ಮೂಲೆಯಲ್ಲಿ ಬರೆದು. ಮೂರನೆಯದು ಬೋರ್ಡಿನ ತಪ್ಪಲ್ಲ, ಬಾಸಿನದ್ದು. ಒಂದು ತಿಂಗಳು ಅವರು ಯಾರ ಹೆಸರಿನಲ್ಲಿ ಎಷ್ಟು ಚೀಟಿ ಮುಗಿಯಿತು ಅಂತ ಎಣಿಸಿದರು. ಮರುವಾರದಿಂದಲೇ ಚೀಟಿಗಳು ಸಣ್ಣದಾದವು. ಒಂದು ಬಟನ್ನಿನ ಬಣ್ಣ ಬದಲಿಸುವುದಕ್ಕೆ ಎರಡು ಚೀಟಿ! ಚೀಟಿಯಿಂದ ಹೆಸರು ತೆಗೆದ ಮೇಲೆ ಸರಿಹೋಯಿತು.

ಸ್ಟಾರ್ ಕೊಡಬೇಕಾದರೆ ಬೋರ್ಡಿಗೆ ಐದಕ್ಕೆ ನಾಲ್ಕೂವರೆ. ಫಿಟ್ಟಿಂಗಿಗೆ ಒಂದು, ಅದೂ ಹುಡುಗ ಕೊನೆಗಾದರೂ ಬಂದ ಅಂತ. ಸ್ಟಿಕಿ ನೋಟಿಗೆ ಸೊನ್ನೆ. ತರುವವರು ಡ್ರಿಲ್ ಹಾಕುವವನನ್ನು ನೀವೇ ಗೊತ್ತು ಮಾಡಿಕೊಳ್ಳಿ, ಕಿಟಕಿ ಎದುರಿನ ಗೋಡೆಗೆ ಹಾಕಬೇಡಿ, ಬಿಸಿಲಿಗೆ ಬರಹ ಬಣ್ಣಗೆಡುತ್ತದೆ. ಮಾರ್ಕರ್ ಮುಚ್ಚಳ ಯಾರೂ ಹಾಕುವುದಿಲ್ಲ, ಅದಕ್ಕೆ ಇನ್ನೂ ಯಾವ ಜಪಾನೀ ಪದ್ಧತಿಯೂ ಸಿಕ್ಕಿಲ್ಲ.

ಅಳತೆಯ ವಿಷಯ ಒಂದು ಬಾಕಿ. ಆರಡಿ ನಮಗೆ ಸಾಲುವುದಿಲ್ಲ ಅನ್ನುವುದು ಬಾಸಿನ ಅಭಿಪ್ರಾಯ. "ಬೋರ್ಡು ಯಾವಾಗ ನೋಡಿದ್ರೂ ಫುಲ್ ಇರುತ್ತೆ, ಎಂಟಡಿದು ತರೋಣ, ಇನ್ನೂ ಹತ್ತು ಚೀಟಿ ಹಿಡಿಸುತ್ತೆ" ಅಂತ ಹೋದ ತಿಂಗಳು ಅಂಗಡಿಗೆ ಫೋನ್ ಮಾಡಿ ರೇಟು ಕೇಳಿದ್ದಾರೆ. ಈ ಸಲ ಅಂಗಡಿಯವರು ಭಾರಿ ಚುರುಕು. ಅರ್ಧ ಗಂಟೆಯಲ್ಲಿ ಕೊಟೇಶನ್ ನನ್ನ ವಾಟ್ಸಾಪಿಗೆ ಕಳಿಸಿದರು, ಬಾಸಿಗೆ ತೋರಿಸಿ ಅಂತ. ನಾನಿನ್ನೂ ತೋರಿಸಿಲ್ಲ.